ಮಗುವಿನ ಕೈಯಲ್ಲಿರುವ ಉತ್ತರ: ಷಿಕಾಗೊ ಪರಂಪರೆಯ ಬಲ, ಅದರ ಕೊರತೆ

ಒಂದೇ ಅಳತೆಯ ಎರಡು ಲೋಟಗಳಿಗೆ ಸಮನಾಗಿ ನೀರು ತುಂಬಿ, ಮಗುವಿನ ಕಣ್ಣೆದುರೇ ಒಂದು ಲೋಟದ ನೀರನ್ನು ಅಗಲವಾದ ತಟ್ಟೆಗೆ ಸುರಿದು, ‘ಈಗ ಎರಡರಲ್ಲೂ ನೀರು ಅಷ್ಟಷ್ಟೇ ಇದೆಯಾ?’ ಎಂದು ಕೇಳುವ ಪರೀಕ್ಷೆಯನ್ನು ಪ್ರಸಿದ್ಧಗೊಳಿಸಿದವರು ಜಿನೀವಾದ ಜೀನ್ ಪಿಯಾಜೆ. ಐದಾರು ವರ್ಷದ ಬಹಳಷ್ಟು ಮಕ್ಕಳು ‘ಇಲ್ಲ, ಲೋಟದಲ್ಲೇ ಜಾಸ್ತಿ, ಅದು ಎತ್ತರ ಇದೆಯಲ್ಲ’ ಎನ್ನುತ್ತಾರೆ. ದಶಕಗಳ ಕಾಲ ಸಂಶೋಧಕರು ಈ ಉತ್ತರವನ್ನು ಬರೆದುಕೊಂಡು ಮುಂದಿನ ಮಗುವನ್ನು ಕರೆದರು. ಷಿಕಾಗೊ ವಿಶ್ವವಿದ್ಯಾಲಯದ ಬ್ರೆಕಿನ್‌ರಿಜ್ ಚರ್ಚ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ಮಾತ್ರ ಉತ್ತರದ ಜೊತೆಗೆ ಕೈಗಳನ್ನೂ ಗಮನಿಸಿದರು. 5ರಿಂದ 8 ವರ್ಷದ ಮಕ್ಕಳ ವಿಡಿಯೊಗಳನ್ನಿಟ್ಟುಕೊಂಡು 1986ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಮಕ್ಕಳ ಬಾಯಿ ಎತ್ತರದ ಮಾತಾಡುತ್ತಿದ್ದಾಗ ಕೈಗಳು ತಟ್ಟೆಯ ಅಗಲವನ್ನು ತೋರಿಸುತ್ತಿದ್ದವು. ಎತ್ತರ ಕಡಿಮೆಯಾದರೂ ಅಗಲ ಹೆಚ್ಚಾಗಿದೆ ಎಂಬ ತಿಳಿವಳಿಕೆಯ ಅರ್ಧ ಭಾಗ ಆಗಲೇ ಬೆರಳುಗಳಲ್ಲಿತ್ತು, ನಾಲಿಗೆಗೆ ಬಂದಿರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಆಮೇಲೆ ಕಂಡಿತು. ಹೀಗೆ ಬಾಯಿ ಒಂದು, ಕೈ ಇನ್ನೊಂದು ಹೇಳುವ ಮಕ್ಕಳಿಗೆ ಪಾಠ ಹೇಳಿಕೊಟ್ಟರೆ, ಎರಡೂ ಒಂದೇ ತಪ್ಪನ್ನು ಹೇಳುವ ಮಕ್ಕಳಿಗಿಂತ ಅವರು ಹೆಚ್ಚು ಕಲಿತರು.

ಕಲಿಕೆಯ ಮನೋವಿಜ್ಞಾನಕ್ಕೆ ಇದು ದೊಡ್ಡ ಕೊಡುಗೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ವಿಶ್ವವಿದ್ಯಾಲಯದ ಡೇವಿಡ್ ಮೆಕ್‌ನೀಲ್ 1992ರ ತಮ್ಮ ಪುಸ್ತಕದಲ್ಲಿ, ಮಾತು ಮತ್ತು ಕೈಸನ್ನೆ ಒಂದೇ ಆಲೋಚನೆಯ ಎರಡು ಮುಖಗಳು ಎಂದು ವಾದಿಸಿ ಇದಕ್ಕೆ ಸಿದ್ಧಾಂತದ ನೆಲೆ ಕೊಟ್ಟರು. ಮಾತು ಪದಗಳನ್ನು ಸಾಲಾಗಿ ಜೋಡಿಸುತ್ತದೆ, ಕೈ ಇಡೀ ಚಿತ್ರವನ್ನು ಒಮ್ಮೆಗೇ ಮುಂದಿಡುತ್ತದೆ. ಇವೆರಡರ ಎಳೆದಾಟದಲ್ಲೇ ಆಲೋಚನೆ ಬೆಳೆಯುತ್ತದೆ ಎಂಬುದು ಅವರ ನಿಲುವು. ಗೋಲ್ಡಿನ್-ಮೆಡೋ ಮತ್ತು ಅವರ ಶಿಷ್ಯರು ಮಕ್ಕಳ ಗಣಿತ, ಶಬ್ದಭಂಡಾರ, ಹೀಗೆ ಒಂದೊಂದೇ ಕ್ಷೇತ್ರಕ್ಕೆ ಈ ನೋಟವನ್ನು ಕೊಂಡೊಯ್ದರು. ಆದರೆ ಈ ಪರಂಪರೆ ತನ್ನ ಸಾಕ್ಷ್ಯವನ್ನು ವಿವರಿಸಿಕೊಂಡ ಬಗೆಯಲ್ಲಿ ಒಂದು ಕೊರತೆ ಇದೆ. ಕೈಯನ್ನು ಅದು ಮಗುವಿನ ತಲೆಯೊಳಕ್ಕೆ ತೆರೆದ ಕಿಟಕಿ ಎಂದು ಕಾಣುತ್ತದೆ. ಆ ಕಿಟಕಿಯಲ್ಲಿ ಇಣುಕುವವರು ಯಾರು, ಇಣುಕಿ ಏನು ಮಾಡುತ್ತಾರೆ ಎಂಬ ಪ್ರಶ್ನೆ ಬದಿಗೆ ಸರಿಯುತ್ತದೆ. ಇದೇ ಪರಂಪರೆಯ ಅತ್ಯುತ್ತಮ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಸನ್ನೆಯಿಂದ ಕಲಿಕೆ ಆಗುವುದು ಬಹುಮಟ್ಟಿಗೆ ಇನ್ನೊಬ್ಬರು ಅದನ್ನು ಕಂಡು ಉತ್ತರಿಸಿದಾಗ ಎಂದು ತೋರುತ್ತದೆ.

ಮೊದಲು ಎಳೆಯ ಮಕ್ಕಳ ವಿಷಯ ತೆಗೆದುಕೊಳ್ಳೋಣ. ಜಾನಾ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 2005ರಲ್ಲಿ 10 ಮಕ್ಕಳನ್ನು ಒಂಟಿ ಪದಗಳಿಂದ ಎರಡು ಪದಗಳ ವಾಕ್ಯದವರೆಗೆ ಹಿಂಬಾಲಿಸಿದರು. ಮಗು ಮೊದಲು ಕೈತೋರಿಸಿದ ವಸ್ತುವಿನ ಹೆಸರು ಸರಾಸರಿ ಮೂರು ತಿಂಗಳ ನಂತರ ಅದರ ಮಾತಿನಲ್ಲಿ ಕಾಣಿಸಿಕೊಂಡಿತು. ಒಂದು ಪದ ಮತ್ತು ಬೇರೆಯೇ ಅರ್ಥದ ಒಂದು ಸನ್ನೆಯನ್ನು ಕೂಡಿಸಲು ಶುರುಮಾಡಿದ ಮೇಲೆ ಎರಡು ಪದಗಳ ವಾಕ್ಯ ಬಂತು. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ, ಗೂಡಿನ ಹಕ್ಕಿಯತ್ತ ಬೆರಳು ಮಾಡಿ ‘ತಾಚಿ’ ಎನ್ನುವ ಮಗು ಆಗಲೇ ಒಂದು ವಾಕ್ಯ ಹೇಳಿದೆ. ಕರ್ತೃಪದ ಬೆರಳಿನಲ್ಲಿದೆ, ಕ್ರಿಯೆ ಬಾಯಲ್ಲಿದೆ. ಸನ್ನೆ ಮಾತಿಗೆ ದಾರಿ ಮಾಡುತ್ತದೆ ಎಂದು ಈ ಅಧ್ಯಯನ ತೀರ್ಮಾನಿಸಿತು. ದಾರಿ ಆಗುವುದು ಹೇಗೆ ಎಂಬುದಕ್ಕೆ ಅದೇ ತಂಡದ 2007ರ ಇನ್ನೊಂದು ಅಧ್ಯಯನವನ್ನು ನೋಡಬೇಕು. ಅಲ್ಲಿ ಕ್ಯಾಮೆರಾ ಅಮ್ಮಂದಿರ ಕಡೆಗೂ ತಿರುಗಿತ್ತು. ಮಗು ಹೀಗೆ ಬೆರಳು ಮಾಡಿದಾಗ ಅಮ್ಮ ‘ಹೌದು ಪುಟ್ಟಾ, ಹಕ್ಕಿ ತಾಚಿ ಮಾಡ್ತಿದೆ’ ಎಂಬ ರೀತಿಯಲ್ಲಿ ಸನ್ನೆಯನ್ನು ಮಾತಿಗೆ ತಿರುಗಿಸುತ್ತಿದ್ದಳು. ಹಾಗೆ ತಿರುಗಿಸಿಕೊಟ್ಟ ಪದಗಳೇ ಮಗುವಿನ ಶಬ್ದಭಂಡಾರಕ್ಕೆ ಹೆಚ್ಚಾಗಿ ಸೇರಿಕೊಂಡವು. ಎರಡು ಅಧ್ಯಯನಗಳನ್ನು ಜೋಡಿಸಿದರೆ ಚಿತ್ರ ಬದಲಾಗುತ್ತದೆ. ಮಗುವಿನ ಕೈ ತನಗೆ ಆ ಗಳಿಗೆಯಲ್ಲಿ ಬೇಕಾದ ಪದವನ್ನು ದೊಡ್ಡವರಿಂದ ಕೇಳಿ ಪಡೆಯುತ್ತಿದೆ. ಕೊಡುವವರಿಲ್ಲದೆ ಈ ದಾರಿ ಪೂರ್ತಿಯಾಗದು.

ಶಾಲೆಯ ಹಂತದಲ್ಲೂ ಇದೇ ಕಾಣುತ್ತದೆ. 2003ರಲ್ಲಿ ಗೋಲ್ಡಿನ್-ಮೆಡೋ ಮತ್ತು ಮೆಲಿಸ್ಸಾ ಸಿಂಗರ್ ಶಿಕ್ಷಕರನ್ನು ಒಂದೊಂದು ಮಗುವಿನ ಜೊತೆ ಕೂರಿಸಿ ಗಣಿತ ಹೇಳಿಕೊಡಲು ಬಿಟ್ಟರು. ಸನ್ನೆಯ ಬಗ್ಗೆ ಶಿಕ್ಷಕರಿಗೆ ಯಾವ ತರಬೇತಿಯೂ ಕೊಟ್ಟಿರಲಿಲ್ಲ. ಆದರೂ ಕೈ-ಬಾಯಿ ಬೇರೆಬೇರೆ ಹೇಳುವ ಮಕ್ಕಳಿಗೆ ಅವರು ತಮಗರಿವಿಲ್ಲದೆ ಹೆಚ್ಚು ಬಗೆಯ ವಿಧಾನಗಳನ್ನು ತೋರಿಸಿದರು, ತಾವೂ ಒಂದನ್ನು ಬಾಯಲ್ಲಿ, ಇನ್ನೊಂದನ್ನು ಕೈಯಲ್ಲಿ ಹೇಳಿದರು. ಎರಡು ವರ್ಷದ ನಂತರ ಇದೇ ಇಬ್ಬರು ಅದನ್ನೇ ಪ್ರಯೋಗಕ್ಕಿಟ್ಟರು. ಎರಡು ವಿಧಾನಗಳನ್ನೂ ಮಾತಿನಲ್ಲೇ ಕೇಳಿದ ಮಕ್ಕಳಿಗಿಂತ, ಒಂದನ್ನು ಮಾತಿನಲ್ಲಿ, ಇನ್ನೊಂದನ್ನು ಜೊತೆಗೇ ಕೈಯಲ್ಲಿ ಕಂಡ ಮಕ್ಕಳು ಚೆನ್ನಾಗಿ ಕಲಿತರು. ಅಂದರೆ 1986ರಲ್ಲಿ ಕಂಡ ‘ಕಲಿಯಲು ಸಿದ್ಧವಾದ ಮಗು’ ಎನ್ನುವುದು ಮಗುವಿನ ಗುಣ ಮಾತ್ರ ಅಲ್ಲ; ಕಲಿಸುವವರು ಆ ಮಗುವಿಗೆ ಬೇರೆ ಪಾಠವನ್ನೇ ಹೇಳುತ್ತಾರೆ. ಈ ಅಂಶವನ್ನು ಷಿಕಾಗೊ ತಂಡ ತಾನೇ ಕಂಡುಹಿಡಿದಿದೆ, ಬರೆದೂ ಇದೆ. ಹಾಗಿದ್ದೂ ಅದರ ಸಿದ್ಧಾಂತದ ಕೇಂದ್ರಕ್ಕೆ ಇದು ಬರಲಿಲ್ಲ ಎಂಬುದೇ ನನ್ನ ತಕರಾರು. ಸನ್ನೆಯನ್ನು ಕಣ್ಣಿಗೆ ಕಾಣುವ ಉಕ್ತಿ ಎಂದು, ಇಬ್ಬರ ನಡುವಿನ ಕೆಲಸವೆಂದು ಜೀವನವಿಡೀ ಪ್ರತಿಪಾದಿಸಿದ ಆಡಂ ಕೆಂಡನ್ ಅವರ ದಾರಿಯಲ್ಲಿ ಇದಕ್ಕೆ ಸಹಜವಾದ ಜಾಗವಿತ್ತು.

ಇದಕ್ಕೆ ಎದುರಾಗಿ ಮೊದಲು ಬರುವ ಆಕ್ಷೇಪ ಕುರುಡು ಮಕ್ಕಳದ್ದು. ಹುಟ್ಟುಕುರುಡರಾದ 12 ಮಕ್ಕಳು ಮತ್ತು ಹದಿಹರೆಯದವರು ಕಣ್ಣಿದ್ದವರಷ್ಟೇ ಕೈಯಾಡಿಸುತ್ತಾರೆ, ಎದುರಿಗೆ ಕೂತವರೂ ಕುರುಡರೆಂದು ತಿಳಿದಾಗಲೂ ಕುರುಡರು ಕೈಯಾಡಿಸುತ್ತಾರೆ ಎಂದು ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ನೋಡುವವರೇ ಇಲ್ಲದಲ್ಲಿ ಸನ್ನೆ ಇದ್ದರೆ ಅದು ನೋಡುವವರಿಗಾಗಿ ಹೇಗಾದೀತು? ಈ ಪ್ರಶ್ನೆಗೆ ತೂಕವಿದೆ. ಕೈ ಏಕೆ ಏಳುತ್ತದೆ ಎಂಬುದಕ್ಕೆ ಆಲೋಚನೆಯೊಳಗೇ ಕಾರಣವಿದೆ ಎಂಬುದನ್ನು ಇದು ಸ್ಥಾಪಿಸುತ್ತದೆ, ನಾನು ಒಪ್ಪುತ್ತೇನೆ. ಆದರೆ ಕೈ ಏಳುವುದರ ಕಾರಣ ಬೇರೆ, ಎದ್ದ ಕೈಯಿಂದ ಕಲಿಕೆ ಆಗುವುದರ ಕಾರಣ ಬೇರೆ. ಮಗು ಅಳುವುದು ಯಾರಿಗೂ ಕೇಳಿಸಲೆಂದಲ್ಲದೆ ಇರಬಹುದು. ಕೇಳಿದವರು ಎತ್ತಿಕೊಂಡಾಗಲೇ ಅಳುವಿಗೆ ಫಲ. ಅಲ್ಲದೆ ಮಾರ್ತಾ ಅಲಿಬಾಲಿ ಮತ್ತು ಸಂಗಡಿಗರು 2001ರಲ್ಲಿ, ಇಬ್ಬರ ನಡುವೆ ಅಡ್ಡ ತೆರೆ ಹಾಕಿದಾಗ ವಸ್ತುವಿನ ಆಕಾರ, ಚಲನೆಗಳನ್ನು ಚಿತ್ರಿಸುವ ಸನ್ನೆಗಳು ಕಡಿಮೆಯಾಗುತ್ತವೆ, ಮಾತಿನ ಲಯಕ್ಕೆ ಬಡಿಯುವ ಸನ್ನೆಗಳು ಹಾಗೇ ಉಳಿಯುತ್ತವೆ ಎಂದು ತೋರಿಸಿದ್ದಾರೆ. ಕಲಿಕೆಯ ಮಟ್ಟಿಗೆ ಮುಖ್ಯವಾದ ಸನ್ನೆಗಳೇ ನೋಡುವವರ ಇರುವಿಗೆ ಸ್ಪಂದಿಸುತ್ತವೆ.

ಎರಡನೆಯ ಆಕ್ಷೇಪ ರಾಬರ್ಟ್ ಕ್ರಾಸ್ ಅವರದ್ದು. ಕೇಳುಗರಿಗೆ ಸನ್ನೆಯಿಂದ ಸಿಗುವುದು ಅತ್ಯಲ್ಪ, ಅದು ಮಾತಾಡುವವರಿಗೆ ಪದ ಹುಡುಕಿಕೊಡುವ ಸಾಧನ ಎಂದು ಅವರು ವಾದಿಸಿದ್ದರು. ಈ ವಾದಕ್ಕೆ ಉತ್ತರ ಸಿಕ್ಕಾಗಿದೆ. ಆಟಮ್ ಹಾಸ್ಟೆಟರ್ 2011ರಲ್ಲಿ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿದಾಗ ಕೇಳುಗರಿಗೆ ಮಧ್ಯಮ ಪ್ರಮಾಣದ ಲಾಭವಿದೆ ಎಂದು ಕಂಡಿತು. ಸನ್ನೆಯಲ್ಲಿ ಮಾತಿನಲ್ಲಿಲ್ಲದ ವಿಷಯವಿದ್ದಾಗ ಲಾಭ ಹೆಚ್ಚು, ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಗೋಲ್ಡಿನ್-ಮೆಡೋ ತಂಡದ 2009ರ ಪ್ರಯೋಗ. ಅಲ್ಲಿ ಮಕ್ಕಳಿಗೆ 3 + 2 + 8 = __ + 8 ಎಂಬಂಥ ಲೆಕ್ಕ ಕೊಟ್ಟಿದ್ದರು. ಎಲ್ಲ ಸಂಖ್ಯೆಗಳನ್ನೂ ಕೂಡಿ 21 ಎಂದೋ, ಎಡಗಡೆಯವನ್ನು ಮಾತ್ರ ಕೂಡಿ 13 ಎಂದೋ ಬರೆಯುವುದು ಸಾಮಾನ್ಯ ತಪ್ಪು. ಒಂದು ಗುಂಪಿಗೆ ತೋರುಬೆರಳು, ನಡುಬೆರಳುಗಳನ್ನು ಕವಲಿನಂತೆ ಬಿಡಿಸಿ 3 ಮತ್ತು 2ರ ಕೆಳಗಿಟ್ಟು, ಆಮೇಲೆ ಖಾಲಿ ಜಾಗ ತೋರಿಸಲು ಕಲಿಸಿದರು. ಇನ್ನೊಂದು ಗುಂಪಿಗೆ ಅದೇ ಕವಲನ್ನು ತಪ್ಪು ಜೋಡಿಯ ಕೆಳಗೆ, 2 ಮತ್ತು 8ರ ಕೆಳಗೆ, ಇಡಿಸಿದರು. ಮೂರನೆಯ ಗುಂಪಿಗೆ ಕೈ ಇಲ್ಲ, ಮಾತು ಮಾತ್ರ. ಸರಿಯಾದ ಸನ್ನೆಯವರು ಎಲ್ಲರಿಗಿಂತ ಹೆಚ್ಚು ಕಲಿತರು. ಆಶ್ಚರ್ಯವೆಂದರೆ ತಪ್ಪು ಜೋಡಿಯ ಕೆಳಗೆ ಬೆರಳಿಟ್ಟವರೂ ಕೈಯಾಡಿಸದವರಿಗಿಂತ ಮುಂದಿದ್ದರು. ಎರಡನ್ನು ಜೋಡಿ ಮಾಡಬೇಕು ಎಂಬ ಆಲೋಚನೆ ಸ್ವಂತ ಕೈಯಿಂದಲೇ ತಲೆಗೆ ಹೋದಂತಿದೆ. ಇಲ್ಲಿ ಮಗುವಿನ ಸನ್ನೆಯನ್ನು ಯಾರೂ ಓದಿ ಉತ್ತರಿಸಲಿಲ್ಲ. ಹಾಗಾಗಿ ಇದು ನನ್ನ ವಾದಕ್ಕೆ ಒಂದು ಮಿತಿ ಹಾಕುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ಆ ಕವಲನ್ನು ಮಗು ತಾನಾಗಿ ಕಂಡುಕೊಂಡದ್ದಲ್ಲ. ಆ ಲೆಕ್ಕವನ್ನು ಬಲ್ಲ ಹಿರಿಯರೊಬ್ಬರು ಅದನ್ನು ಮಗುವಿನ ಕೈಗೆ ಕೊಟ್ಟರು. ಸ್ವಂತ ಸನ್ನೆಯ ಶಕ್ತಿ ಎಷ್ಟು, ಕೊಟ್ಟ ಸನ್ನೆಯ ಶಕ್ತಿ ಎಷ್ಟು ಎಂದು ಈ ಪ್ರಯೋಗ ಬೇರ್ಪಡಿಸುವುದಿಲ್ಲ.

ಈ ಚರ್ಚೆಗೆ ಪ್ರಯೋಗಾಲಯದ ಆಚೆಗೂ ಪರಿಣಾಮವಿದೆ. ಮೆರೆಡಿತ್ ರೋ ಮತ್ತು ಗೋಲ್ಡಿನ್-ಮೆಡೋ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಷಿಕಾಗೊದ 50 ಕುಟುಂಬಗಳ ಅಧ್ಯಯನ ಪ್ರಕಟಿಸಿದರು. 14 ತಿಂಗಳ ವಯಸ್ಸಿನಲ್ಲಿ, 90 ನಿಮಿಷಗಳ ಅವಧಿಯಲ್ಲಿ, ಅನುಕೂಲಸ್ಥ ಮನೆಯ ಮಕ್ಕಳು ಸರಾಸರಿ 24 ಅರ್ಥಗಳನ್ನು ಸನ್ನೆಯಲ್ಲಿ ಹೇಳಿದರೆ ಬಡ ಮನೆಯ ಮಕ್ಕಳು 13 ಹೇಳಿದರು. 54 ತಿಂಗಳಿಗೆ ಶಾಲೆಯ ಹೊಸ್ತಿಲಲ್ಲಿ ಕಂಡ ಶಬ್ದಭಂಡಾರದ ಅಂತರದ ಒಂದು ಭಾಗಕ್ಕೆ ಇದು ವಿವರಣೆಯಾಯಿತು. ಕೈ ಮಗುವಿನ ಒಳಗಿನ ಕಿಟಕಿ ಎಂದಷ್ಟೇ ಓದಿದರೆ ಈ ಅಂಕಿಗಳು ಬಡ ಮಗುವಿನ ಕೊರತೆಯ ಪಟ್ಟಿಯಾಗಿಬಿಡುತ್ತವೆ. ಆದರೆ ಮಕ್ಕಳ ಸನ್ನೆಯ ಅಂತರಕ್ಕೂ ತಂದೆತಾಯಿಯರ ಸನ್ನೆಗೂ ಸಂಬಂಧವಿತ್ತು ಎಂದು ಅದೇ ಲೇಖನ ಹೇಳುತ್ತದೆ. ಮಗುವಿನ ಎದುರು ಕೂತು ಬೆರಳಿನ ತುದಿ ಹಿಂಬಾಲಿಸಲು ದೊಡ್ಡವರಿಗೆ ಬಿಡುವು ಬೇಕು, ಆ ಬಿಡುವು ಎಲ್ಲರಿಗೂ ಒಂದೇ ಸಮ ಸಿಗುವುದಿಲ್ಲ. ಇನ್ನು ಅಂತರವೆಲ್ಲ ಕೊರತೆಯೂ ಅಲ್ಲ. ಉಲ್ಫ್ ಲಿಸ್ಕೋವ್ಸ್ಕಿ ಮತ್ತು ಸಂಗಡಿಗರು 2012ರಲ್ಲಿ ಪಪುವಾ ನ್ಯೂಗಿನಿ, ಪೆರು, ಜಪಾನ್ ಸೇರಿ ಏಳು ಕಡೆ ನೋಡಿದಾಗ ವರ್ಷದ ಆಸುಪಾಸಿನ ಮಕ್ಕಳು ಎಲ್ಲೆಡೆ ಬೆರಳು ತೋರುತ್ತಿದ್ದರು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಮೆಕ್ಸಿಕೊದ ಮಾಯಾ ಹಳ್ಳಿಗಳ ಮಕ್ಕಳು ಶಾಂಘೈ ಮತ್ತು ನೆದರ್‌ಲ್ಯಾಂಡ್ಸ್ ಮಕ್ಕಳಿಗಿಂತ ಕಡಿಮೆ ಸನ್ನೆ ಮಾಡಿದರು, ಅಲ್ಲಿನ ದೊಡ್ಡವರೂ ಹಾಗೆಯೇ. ಷಿಕಾಗೊದ ಬೈಠಕ್‌ಖಾನೆಯಲ್ಲಿ ಎಣಿಸಿದ ಸಂಖ್ಯೆಯನ್ನು ಜಗತ್ತಿನ ಅಳತೆಗೋಲು ಮಾಡಲಾಗದು.

ಕಿಟಕಿಯ ರೂಪಕಕ್ಕೆ ಹೊಂದುವ ಇನ್ನೊಂದು ಆಸೆ, ಮಾತು ಬಾರದ ಕೂಸುಗಳಿಗೆ ಸನ್ನೆಗಳನ್ನು ಕಲಿಸಿ ಭಾಷೆಯನ್ನು ಬೇಗ ತರಿಸುವುದು. ಅಮೆರಿಕ, ಬ್ರಿಟನ್ನಿನಲ್ಲಿ ‘ಬೇಬಿ ಸೈನ್’ ತರಗತಿಗಳು ಇದನ್ನೇ ಮಾರಿದವು. ಬ್ರಿಟನ್ನಿನಲ್ಲಿ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ನಿಯಂತ್ರಿತ ಪ್ರಯೋಗದಲ್ಲಿ ಪರೀಕ್ಷಿಸಿದಾಗ ಮಕ್ಕಳ ಭಾಷೆಯ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸನ್ನೆ ಕಲಿಸಿದ ಅಮ್ಮಂದಿರು ಮಗುವಿನ ಸಣ್ಣಸಣ್ಣ ಸೂಚನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದದ್ದು ಮಾತ್ರ ಕಂಡಿತು. ಬದಲಾದದ್ದು ನೋಡುವವರು.

ನಮ್ಮ ತರಗತಿಗಳಲ್ಲಿ ‘ಕೈ ಕಟ್ಟಿ, ಬಾಯಿ ಮುಚ್ಚಿ’ ಎಂಬ ಆಜ್ಞೆ ಇನ್ನೂ ಶಿಸ್ತಿನ ಮೊದಲ ಪಾಠ. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಲೆಕ್ಕ ಮಾಡುವ ಮಗುವಿಗೆ ‘ಬಾಯಿಲೆಕ್ಕ ಬರಲ್ವಾ?’ ಎಂಬ ಗದರಿಕೆಯೂ ಉಂಟು. ಮೇಲಿನ ಸಾಕ್ಷ್ಯಗಳ ಪ್ರಕಾರ ಇದರಲ್ಲಿ ಎರಡು ನಷ್ಟಗಳಿವೆ: ಮಗುವಿಗೆ ಯೋಚಿಸುವ ಒಂದು ದಾರಿ ಮುಚ್ಚುತ್ತದೆ, ಶಿಕ್ಷಕರಿಗೆ ಮಗು ಎಲ್ಲಿ ನಿಂತಿದೆ ಎಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ಮಕ್ಕಳ ಕೈ ಬಿಚ್ಚಿಸಿದರೆ ಮೊದಲನೆಯದು ಸ್ವಲ್ಪ ಸರಿಹೋದೀತು. ಎರಡನೆಯದಕ್ಕೆ ಒಂದು ಕೋಣೆಯಲ್ಲಿ ಒಬ್ಬ ಶಿಕ್ಷಕಿಯ ಎದುರು ಎಷ್ಟು ಮಕ್ಕಳು ಎಂಬ ಲೆಕ್ಕ ಬರುತ್ತದೆ. ಒಬ್ಬರ ಎದುರು ಒಂದೇ ಮಗುವನ್ನು ಕೂರಿಸಿ ಪಡೆದ ಫಲಿತಾಂಶ ನಲವತ್ತು ಮಕ್ಕಳ ಕೋಣೆಯಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ಈ ಪರಂಪರೆ ಈಗ ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ, ಅದಕ್ಕೆ ಕ್ಯಾಮೆರಾ ಮಗುವಿನ ಕೈಯ ಮೇಲಿದ್ದಷ್ಟೇ ಹೊತ್ತು ಶಿಕ್ಷಕಿಯ ಕಣ್ಣಿನ ಮೇಲೂ ಇರಬೇಕಾಗುತ್ತದೆ.