‘ಗ್ಲೋಮಾಲಿನ್’ ಶಬ್ದದ ಲಕ್ಷಣವಿಚಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬೆದ್ದಲು ಬಹುಮಟ್ಟಿಗೆ ಮರಳು ಬೆರೆತ ಕೆಮ್ಮಣ್ಣು. ಮಣ್ಣಿನ ಕಣಗಳು ಕೂಡಿ ಹರಳುಗಟ್ಟದಿದ್ದರೆ ಬಿದ್ದ ಮಳೆ ಇಂಗದೆ ಹರಿದುಹೋಗುವುದು; ರಾಗಿ, ಕಡಲೆಕಾಯಿಗಳಿಗೆ ತೇವವೇ ಉಳಿಯದು. ಕಣಗಳನ್ನು ಕೂಡಿಸುವುದು ಯಾವುದು? ‘ಶಿಲೀಂಧ್ರವು ಸ್ರವಿಸುವ ಗ್ಲೋಮಾಲಿನ್ ಎಂಬ ಅಂಟು’ ಎಂದು ಈಚಿನ ಕೃಷಿಬರಹಗಳು ನಿಸ್ಸಂದೇಹವಾಗಿ ಹೇಳುತ್ತಿರುವುವು. ಈ ವಾಕ್ಯದ ಒಂದೊಂದು ಪದವೂ ಪರೀಕ್ಷೆಗೆ ಅರ್ಹವಾಗಿದೆ.

ಬೇರಿನಲ್ಲಿ ನೆಲಸಿ, ಗಿಡಕ್ಕೆ ರಂಜಕವನ್ನೊದಗಿಸಿ, ಪ್ರತಿಯಾಗಿ ಆಹಾರ ಪಡೆಯುವ ಶಿಲೀಂಧ್ರಗಳುಂಟು. ಇವುಗಳ ಎಳೆಗಳಲ್ಲಿರುವ ಈ ಪ್ರೋಟೀನನ್ನು 1996ರಲ್ಲಿ ಅಮೆರಿಕದ ಸಾರಾ ರೈಟ್ ಎಂಬ ವಿದುಷಿಯು ಪ್ರಕಟಪಡಿಸಿದರು. ‘ಗ್ಲೋಮೇಲೀಸ್’ ಎಂಬ ಗಣನಾಮವೇ ಈ ಶಬ್ದಕ್ಕೆ ಮೂಲ. (ಹಿಂದಿನವರ ‘ಸಸಾರಜನಕ’ವನ್ನು ಬಿಟ್ಟು ‘ಪ್ರೋಟೀನು’ ಎಂದುದಕ್ಕೆ ವಾಚಕರು ಕ್ಷಮಿಸಬೇಕು.) ಮಣ್ಣನ್ನು ಸಿಟ್ರೇಟ್ ದ್ರಾವಣದಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಬೇಯಿಸಿ, ಇಳಿದುಬಂದ ಪ್ರೋಟೀನನ್ನು ಅಳೆಯುವುದೇ ಇದರ ಪರೀಕ್ಷಾಕ್ರಮ. ಹಾಗೆ ಇಳಿದುದೆಲ್ಲವೂ ಗ್ಲೋಮಾಲಿನ್ ಎಂದರೆ ಅತಿವ್ಯಾಪ್ತಿದೋಷವು ಸ್ಪಷ್ಟ. ಕೊಂಬುಳ್ಳದ್ದು ಹಸುವೆಂಬ ಲಕ್ಷಣವು ಎಮ್ಮೆಗೂ ಸಲ್ಲುವಂತೆ, ಈ ಲಕ್ಷಣವು ತರಗೆಲೆಯ ಪ್ರೋಟೀನಿಗೂ ಸಲ್ಲುವುದು. 2006ರ ಪರೀಕ್ಷೆಗಳಿಂದ ಇದು ಸಿದ್ಧಪಟ್ಟಿದೆ. ಅದಕ್ಕೆ ಮೊದಲೇ, 2004ರಲ್ಲಿ, ರಿಲ್ಲಿಗ್ ಎಂಬ ವಿದ್ವಾಂಸರು ‘ಗ್ಲೋಮಾಲಿನ್ ಸಂಬಂಧದ ಮಣ್ಣಿನ ಪ್ರೋಟೀನು’ ಎಂಬ ಎಚ್ಚರದ ಹೆಸರನ್ನು ಸೂಚಿಸಿದ್ದರು. ನಮ್ಮ ಬರಹಗಾರರು ಇದನ್ನು ಏಕೆ ಕೈಬಿಟ್ಟರೋ ತಿಳಿಯದು.

‘ಸ್ರವಿಸುವ’ ಎಂಬುದೂ ಯುಕ್ತವಲ್ಲ. 2005ರ ಒಂದು ಶೋಧನೆಯಂತೆ ಇದರ ಸುಮಾರು ನೂರಕ್ಕೆ 80 ಪಾಲು ಎಳೆಗಳಲ್ಲಿಯೇ ಅಡಗಿರುವುದು; ಹೊರಸೂಸುವುದು ಅಲ್ಪ.

ಇನ್ನು ಕಾರಣತ್ವ. ಈ ಪ್ರೋಟೀನು ಹೆಚ್ಚಿರುವ ಮಣ್ಣಿನ ಹರಳುಗಳು ನೀರಿನಲ್ಲಿ ಕರಗದೆ ನಿಲ್ಲುವುವೆಂದು 1998ರಲ್ಲಿ ರೈಟ್ ಮತ್ತು ಉಪಾಧ್ಯಾಯ ಎಂಬವರು ತೋರಿಸಿದರು. ಇದು ಸಾಹಚರ್ಯ. ಕುಂಬಾರನ ಕತ್ತೆ ಮಣ್ಣು ಹೊತ್ತು ತಂದರೂ ಗಡಿಗೆಗೆ ಅದು ಕಾರಣವಲ್ಲ, ಅನ್ಯಥಾಸಿದ್ಧ. ಎಳೆಗಳೇ ಕಣಗಳನ್ನು ಬಲೆಯಂತೆ ಹೆಣೆದು ಹಿಡಿದಿರುವಾಗ, ಅಂಟಿನ ಪಾಲೆಷ್ಟು, ಹೆಣಿಗೆಯ ಪಾಲೆಷ್ಟು ಎಂದು ಬೇರ್ಪಡಿಸಿದ ಹೊರತು ನಿರ್ಣಯ ಸಲ್ಲದು. ಪ್ರೋಟೀನು ಇಲ್ಲಿ ಕತ್ತೆಯೇ ಸರಿ ಎಂದು ನಾವು ಹೇಳುತ್ತಿಲ್ಲ.

ಇದು ಬರಿಯ ಶಬ್ದಕಲಹವೆಂದು ಭಾವಿಸಲಾಗದು. ‘ಅಂಟು’ ಎಂದೊಡನೆ ಕೊಂಡು ತಂದು ಸುರಿಯಬಹುದಾದ ದ್ರವ್ಯವೊಂದು ಓದುಗನ ಮನಸ್ಸಿಗೆ ಬರುವುದು. ಆದರೆ ಈ ಶಿಲೀಂಧ್ರಗಳು ಜೀವಂತ ಬೇರಿಲ್ಲದೆ ಬೆಳೆಯಲಾರವು. ಪಾವಗಡದ ರೈತನು ಕಡಲೆಕಾಯಿಗಿಡವನ್ನು ಬೇರುಸಹಿತ ಕೀಳುವನು; ಆಮೇಲೆ ಮುಂದಿನ ಮಳೆಯವರೆಗೆ ಹೊಲ ಬರಿದಾಗಿರುವುದು; ಉಳುಮೆಯು ಅಳಿದುಳಿದ ಎಳೆಗಳನ್ನೂ ಕಡಿಯುವುದು. ಆ ತಿಂಗಳುಗಳಲ್ಲಿ ಹೊಲದಲ್ಲಿ ಯಾವ ಬೇರನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ನಾವು ಕಂಡ ಬರಹಗಳು ಎತ್ತಿಯೇ ಇಲ್ಲ.