ಆಕೀ ಸಿಟ್ಟು ಎಲ್ಲಿ ಹೋತು?

ಮೈಸೂರಿನವರು ಟಿವಿ ಹಾಕುತ್ತಾರೆ, ಹುಬ್ಬಳ್ಳಿಯವರು ಹಚ್ಚುತ್ತಾರೆ. ನಮ್ಮ ಲಕ್ಷ್ಮೀಪುರಂ ಮನೆಯ ಸೋಫಾದ ಮೇಲೆ ಈ ಎರಡು ಕ್ರಿಯಾಪದಗಳು ಅಕ್ಕಪಕ್ಕ ಕೂತದ್ದು ಕಳೆದ ದಸರೆಯಲ್ಲಿ. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಬೀಗಿತ್ತಿಯವರು ಜಂಬೂಸವಾರಿ ನೋಡಲು ಬಂದು ಎಂಟು ದಿನ ಉಳಿದಿದ್ದರು. ಮೂರು ಸಂಜೆ ದೀಪಾಲಂಕಾರ ಸುತ್ತಿ ಎಲ್ಲರ ಕಾಲೂ ಸೋತಿತ್ತು. ನಾಲ್ಕನೆಯ ಸಂಜೆ ಅವರೇ ಕೇಳಿದರು: ‘ಟಿವಿ ಹಚ್ರೆಲ ಬೀಗ್ರ, ಸುಮ್ಮ ಕುಂತು ಬ್ಯಾಸರಾತು.’

ಹಚ್ಚಿದೆ. ‘ರಾಮ ಶಾಮ ಭಾಮ’ ಬರುತ್ತಿತ್ತು. 2005ರ ಚಿತ್ರ, ರಮೇಶ್ ಅರವಿಂದ್ ಮೊದಲ ಬಾರಿಗೆ ನಿರ್ದೇಶಕರ ಕುರ್ಚಿಯಲ್ಲಿ ಕೂತದ್ದು. ಕಮಲ ಹಾಸನ್ ಹುಬ್ಬಳ್ಳಿ ಕನ್ನಡ ಆಡುತ್ತ ಪರದೆಯ ಮೇಲೆ ಬಂದರೋ ಇಲ್ಲವೋ, ನಾನೂ ನಮ್ಮ ಮನೆಯಾಕೆಯೂ ನಗಲು ಶುರುಮಾಡಿದೆವು. ಬೀಗಿತ್ತಿಯವರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ನಕ್ಕರು, ಆಗ ನಾವು ಸುಮ್ಮನಿದ್ದೆವು. ಅರ್ಧ ಚಿತ್ರ ಹೀಗೆ ಸರದಿಯಲ್ಲಿ ನಡೆಯಿತು. ಜಾಹೀರಾತಿನ ಹೊತ್ತಿನಲ್ಲಿ ಅವರು ನನ್ನ ಕಡೆ ತಿರುಗಿ, ‘ನೀವು ಚ್ಯಾಷ್ಟಿಗೆ ನಗಾಕತ್ತೀರೋ, ನಮ್ಮ ಮಾತಿಗೇ ನಗಾಕತ್ತೀರೋ?’ ಎಂದರು. ಮೂವತ್ತು ವರ್ಷ ಹಾಸ್ಯ ನೋಡಿ, ಅದರ ಮೇಲೆ ವಾರವಾರ ಬರೆದು ಬದುಕಿದವನಿಗೆ ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಒಂದೇ ಭಾಷೆಯ ಜನ ಒಂದೇ ಜಾಗದಲ್ಲಿ ನಗುವುದಿಲ್ಲ ಎಂಬುದನ್ನು ವ್ಯಾಪಾರದ ಕಣ್ಣಿನಿಂದ ಚೆನ್ನಾಗಿ ಕಂಡುಕೊಂಡವರು ಅಮೆರಿಕದ ಟಿವಿಯವರು. ಬ್ರಿಟಿಷರ ಹಾಸ್ಯ ಧಾರಾವಾಹಿಗಳನ್ನು ಹಾಗೆಯೇ ಬಿತ್ತರಿಸಲು ಅವರಿಗೆ ಭಾಷಾಂತರ ಬೇಕಿರಲಿಲ್ಲ, ಸಬ್‌ಟೈಟಲ್ ಬೇಕಿರಲಿಲ್ಲ. ಪಿಬಿಎಸ್ ಎಂಬ ಸಾರ್ವಜನಿಕ ವಾಹಿನಿ ಹಾಗೆ ತೋರಿಸುತ್ತಲೂ ಇತ್ತು. ಆದರೆ ದೊಡ್ಡ ಕಂಪನಿಗಳು ಹಕ್ಕು ಕೊಂಡು ತಂದು ಮತ್ತೆ ಮೊದಲಿನಿಂದ ಚಿತ್ರೀಕರಿಸಿದವು. ‘ಟಿಲ್ ಡೆತ್ ಅಸ್ ಡು ಪಾರ್ಟ್’ ಅಲ್ಲಿಗೆ ಹೋಗಿ 1971ರಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ ಆಯಿತು. ಗುಜರಿ ಮಾರುವ ಅಪ್ಪ ಮಗನ ‘ಸ್ಟೆಪ್‌ಟೋ ಅಂಡ್ ಸನ್’ 1972ರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ಜನರ ಮನೆ ಸೇರಿ ‘ಸ್ಯಾನ್‌ಫೋರ್ಡ್ ಅಂಡ್ ಸನ್’ ಆಯಿತು. ಎರಡೂ ಗೆದ್ದವು.

ಸೋತವುಗಳ ಕಥೆಯೇ ನನಗೆ ಹೆಚ್ಚು ಇಷ್ಟ. ‘ಫಾಲ್ಟಿ ಟವರ್ಸ್’ ಒಟ್ಟು ಹನ್ನೆರಡೇ ಕಂತು, 1975ರಲ್ಲಿ ಆರು, 1979ರಲ್ಲಿ ಆರು. ಸಿಡುಕ ಹೋಟೆಲ್ ಮಾಲೀಕ ಬೇಸಿಲ್, ಅವನ ಕೈಯಲ್ಲಿ ಏಟು ತಿನ್ನುವ ಸ್ಪ್ಯಾನಿಷ್ ಮಾಣಿ. ಅಮೆರಿಕದವರು ಇದಕ್ಕೆ ಮೂರು ಸಲ ಕೈ ಹಾಕಿದರು, ಮೂರು ಸಲವೂ ಸುಟ್ಟುಕೊಂಡರು. 1983ರ ‘ಅಮಾಂಡಾಸ್’ ಬಗ್ಗೆ, ಮೂಲದಲ್ಲಿ ಬೇಸಿಲ್ ಆಗಿದ್ದ ಜಾನ್ ಕ್ಲೀಸ್ ಹೇಳಿಕೊಂಡು ನಗುವ ಸಂಗತಿಯೊಂದಿದೆ. ಏನೇನು ಬದಲಾಯಿಸಿದ್ದೀರಿ ಎಂದು ಅವರು ಕೇಳಿದರಂತೆ. ಹೆಚ್ಚೇನಿಲ್ಲ, ಬೇಸಿಲ್‌ನ ಪಾತ್ರವನ್ನು ತೆಗೆದಿದ್ದೇವೆ ಎಂದು ಉತ್ತರ ಬಂತಂತೆ. ಅವನ ಮಾತುಗಳನ್ನು ಬಿ ಆರ್ಥರ್ ಎಂಬ ಹಿರಿಯ ನಟಿಯ ಬಾಯಿಗೆ ಹಾಕಿದ್ದರು. ನಟಿ ದೊಡ್ಡವರೇ. ಆದರೆ ಬೇಸಿಲ್ ಸಿಡುಕುವುದು ಹೆಂಡತಿಗೆ ಹೆದರುವುದರಿಂದ. ಹೆಂಡತಿಗೆ ಹೆದರಿ ಮಾಣಿಗೆ ಹೊಡೆಯುತ್ತಾನೆ. ಹೆದರಿಸುವವಳೇ ಇಲ್ಲದ ಮನೆಯಲ್ಲಿ ಸಿಡುಕು ಬರೀ ಕೆಟ್ಟ ಗುಣವಾಗಿ ಉಳಿಯುತ್ತದೆ. ಕೆಲವೇ ತಿಂಗಳಲ್ಲಿ ಬಾಗಿಲು ಮುಚ್ಚಿತು.

‘ದಿ ಆಫೀಸ್’ ಉಳಿದದ್ದು ಇದೇ ಕಾರಣಕ್ಕೆ, ತಿರುವುಮುರುವಾಗಿ. ಬ್ರಿಟನ್ನಿನದು 2001ರಲ್ಲಿ ಶುರುವಾಗಿ ಹದಿನಾಲ್ಕು ಕಂತಿಗೆ ಮುಗಿಯಿತು. ಅಮೆರಿಕದ್ದು 2005ರಿಂದ 2013ರವರೆಗೆ 201 ಕಂತು. ಮೊದಲ ಕಂತನ್ನು ಹೆಚ್ಚು ಕಡಿಮೆ ಮೂಲದ ಮಾತಿಗೆ ಮಾತು ಇಟ್ಟು ತೆಗೆದಿದ್ದರು, ಯಾರಿಗೂ ಹಿಡಿಸಲಿಲ್ಲ. ಎರಡನೆಯ ವರ್ಷಕ್ಕೆ ಮ್ಯಾನೇಜರ್ ಮೈಕೇಲ್ ಸ್ಕಾಟ್‌ನನ್ನು ಸ್ವಲ್ಪ ಮೆತ್ತಗೆ ಮಾಡಿದರು. ದಡ್ಡ, ಬಡಾಯಿಕೋರ, ಆದರೆ ಮನಸ್ಸು ಒಳ್ಳೆಯದು. ಬ್ರಿಟನ್ನಿನ ಡೇವಿಡ್ ಬ್ರೆಂಟ್‌ಗೆ ಕೆಲಸ ಹೋಗುತ್ತದೆ, ಗೋಗರೆಯುವಾಗ ನೋಡುವವರಿಗೇ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಮೈಕೇಲ್‌ನನ್ನು ಇಡೀ ಆಫೀಸು ಕ್ಷಮಿಸಿ ಕಣ್ಣೀರಿಟ್ಟು ಕಳಿಸಿಕೊಡುತ್ತದೆ. ಅಟ್ಲಾಂಟಿಕ್ ದಾಟುವಾಗ ಭಾಷೆ ಬದಲಾಗಲಿಲ್ಲ, ಕ್ಷಮೆಯ ದರ ಇಳಿಯಿತು.

ಈಗ ನಮ್ಮ ಸೋಫಾಕ್ಕೆ ವಾಪಸ್ಸು. ‘ರಾಮ ಶಾಮ ಭಾಮ’ ತಮಿಳಿನ ‘ಸತಿ ಲೀಲಾವತಿ’ಯ (1995) ರೀಮೇಕ್. ಅದನ್ನು ಮಾಡಿದವರು ಬಾಲು ಮಹೇಂದ್ರ. ಅವರು ನಿರ್ದೇಶಕರಾಗಿ ಮೊದಲು ಮಾಡಿದ್ದು ಕನ್ನಡ ಚಿತ್ರ, 1977ರ ‘ಕೋಕಿಲ’. ನಾಯಕ ಇದೇ ಕಮಲ ಹಾಸನ್. ‘ಸತಿ ಲೀಲಾವತಿ’ಗೆ ಪ್ರೇರಣೆ 1989ರ ಅಮೆರಿಕನ್ ಚಿತ್ರ ‘ಶೀ ಡೆವಿಲ್’ ಎನ್ನುತ್ತಾರೆ, ನೋಡಿದರೆ ಗೊತ್ತಾಗುತ್ತದೆ. ‘ಶೀ ಡೆವಿಲ್’ಗೆ ಮೂಲ ಇಂಗ್ಲೆಂಡಿನ ಫೇ ವೆಲ್ಡನ್ 1983ರಲ್ಲಿ ಬರೆದ ಕಾದಂಬರಿ. ಅದನ್ನೇ ಬಿಬಿಸಿ 1986ರಲ್ಲಿ ನಾಲ್ಕು ಕಂತಿನ ಧಾರಾವಾಹಿ ಮಾಡಿತ್ತು. ಬ್ರಿಟಿಷ್ ಟಿವಿ, ಅಮೆರಿಕದ ಸಿನಿಮಾ, ಕೊಯಮತ್ತೂರು, ಹುಬ್ಬಳ್ಳಿ, ಕೊನೆಗೆ ಲಕ್ಷ್ಮೀಪುರಂ. (ನಡುವೆ 1999ರಲ್ಲಿ ‘ಬೀವಿ ನಂಬರ್ ಒನ್’ ಎಂದು ಹಿಂದಿಗೂ ಹೋಗಿಬಂತು. ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.)

ಕೊಯಮತ್ತೂರು ಎಂದದ್ದು ಸುಮ್ಮನೆ ಅಲ್ಲ. ತಮಿಳಿನಲ್ಲಿ ಕಮಲ್ ಮತ್ತು ಅವರ ಹೆಂಡತಿಯ ಪಾತ್ರದ ಕೋವೈ ಸರಳಾ ಆಡಿದ್ದು ಕೊಂಗುನಾಡಿನ ತಮಿಳು. ಅಲ್ಲಿಯವರು ವಾಕ್ಯಕ್ಕೊಂದು ಮರ್ಯಾದೆಯ ಬಾಲ ಅಂಟಿಸುತ್ತಾರೆ; ಬೈಯುವಾಗಲೂ ‘ಏನುಂಗ’. ಕನ್ನಡಕ್ಕೆ ತರುವಾಗ ಇದನ್ನು ಮಂಡ್ಯದ ಮಾತಿಗೆ ಇಳಿಸಬಹುದಿತ್ತು, ಗಾಂಧಿನಗರಕ್ಕೆ ಅದು ಅಭ್ಯಾಸದ ದಾರಿ. ಹಾಗೆ ಮಾಡದೆ ಹುಬ್ಬಳ್ಳಿಗೆ ಹೋದರು, ಏಕೆಂದರೆ ಅಲ್ಲಿ ‘ರೀ’ ಇದೆ. ಗಂಡನನ್ನು ಗದರಿಸುವಾಗಲೂ ‘ಯಾಕ್ರೀ’, ಕಳ್ಳನನ್ನು ಹಿಡಿದಾಗಲೂ ‘ಎಲ್ಲಿ ಹೊಂಟೀರಿ’. ಸಿಟ್ಟನ್ನು ಮರ್ಯಾದೆಯಲ್ಲಿ ಸುತ್ತಿ ಕೊಡುವ ಈ ಎರಡು ಸೀಮೆಗಳನ್ನು ಜೋಡಿಸಿದವರ ಕಿವಿಗೆ ನಮಸ್ಕಾರ. ಕನ್ನಡದಲ್ಲಿ ಆ ಹೆಂಡತಿಯ ಪಾತ್ರ ಮಾಡಿದ ಊರ್ವಶಿಯವರ ಬಾಯಲ್ಲಂತೂ ಅದು ಚೆನ್ನಾಗಿ ಕೂತಿದೆ. ಮಲಯಾಳಿ ನಟಿ, ತಮಿಳು ನಟ, ಬೆಂಗಳೂರಿನ ನಿರ್ದೇಶಕ ಸೇರಿ ಕಟ್ಟಿದ ಹುಬ್ಬಳ್ಳಿಯದು. ಬೀಗಿತ್ತಿಯವರ ಪ್ರಕಾರ ನೂರಕ್ಕೆ ಅರವತ್ತು.

ಕನ್ನಡದಲ್ಲಿ ಹೀಗೆ ಹೊಸದಾಗಿ ಕಟ್ಟಲೇಬೇಕಾದ ಒಂದು ಒತ್ತಡವೂ ಇತ್ತು. 1960ರ ದಶಕದ ಹೋರಾಟದ ನಂತರ ಡಬ್ಬಿಂಗ್‌ಗೆ ಬಾಗಿಲು ಹಾಕಿತ್ತು. ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಇದು ಸಲ್ಲದು ಎನ್ನುವವರೆಗೂ ಪರಭಾಷೆಯ ಕಥೆ ಬೇಕೆಂದರೆ ರೀಮೇಕ್ ಒಂದೇ ದಾರಿ. ಅದರಿಂದ ಕಸವೂ ಬೇಕಾದಷ್ಟು ಬಂತು. ಹೆಸರು ಬದಲಿಸಿ, ಹಾಡು ಬದಲಿಸಿ, ಮನೆಯ ಪರದೆಯ ಬಣ್ಣವನ್ನೂ ಬದಲಿಸದೆ ತೆಗೆದ ಚಿತ್ರಗಳು. ‘ಪುಷ್ಪಕ ವಿಮಾನ’ದಂಥದ್ದಾದರೆ (1987) ಮಾತೇ ಇಲ್ಲ, ಹೆಸರು ಬದಲಿಸಿದರೆ ಸಾಕಿತ್ತು. ಮಾತಿದ್ದಲ್ಲಿ ಮಾತ್ರ ಊರು ಹುಡುಕಬೇಕು.

ಊರಿನ ವಿಷಯಕ್ಕೆ ನಮ್ಮ ಬಡಾವಣೆಯಲ್ಲಿ ಒಂದು ಹಳೆಯ ಗಾಯವಿದೆ. ಆರ್. ಕೆ. ನಾರಾಯಣ್ ಯಾದವಗಿರಿಯಲ್ಲಿ ಮನೆ ಕಟ್ಟಿಸುವ ಮೊದಲು ಬಹುಕಾಲ ಬಾಡಿಗೆಗೆ ಇದ್ದದ್ದು ಲಕ್ಷ್ಮೀಪುರಂನಲ್ಲಿ. ‘ದಿ ಗೈಡ್’ ಸಿನಿಮಾ ಆಗುವಾಗ ಅವರು ಚಿತ್ರತಂಡವನ್ನು ಕರೆದುಕೊಂಡು ಹೋಗಿ ಕಾವೇರಿ ದಂಡೆಯ ಆಲದ ಮರ, ಪುಟ್ಟ ಗುಡಿ, ಗೋಪಾಲಸ್ವಾಮಿ ಬೆಟ್ಟ ಎಲ್ಲವನ್ನೂ ತೋರಿಸಿದರು. ತಂಡ ಮೆಚ್ಚಿತು, ತಲೆಯಾಡಿಸಿತು, ಕ್ಯಾಮೆರಾ ಎತ್ತಿಕೊಂಡು ರಾಜಸ್ಥಾನಕ್ಕೆ ಹೋಯಿತು. ಆ ಪ್ರಸಂಗವನ್ನು ನಾರಾಯಣ್ ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ಬರೆದಿದ್ದಾರೆ. ಅಷ್ಟು ತಣ್ಣಗಿನ ಮನುಷ್ಯನಿಗೆ ಅಷ್ಟು ಸಿಟ್ಟು ಬಂದದ್ದು ನಾನು ಬೇರೆಲ್ಲೂ ಓದಿಲ್ಲ. 1986ರಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆಯುವಾಗ ಆಗುಂಬೆಗೆ ಹೋಗಿ ಊರನ್ನು ಸರಿಯಾಗಿ ಹಿಡಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮನೆ ನಮ್ಮದು, ಮಳೆ ನಮ್ಮದು, ಮುಖಗಳೂ ನಮ್ಮವು. ಆಡಿದ್ದು ಮಾತ್ರ ಹಿಂದಿ. ದೂರದರ್ಶನದಲ್ಲಿ ಅದನ್ನು ನೋಡುವಾಗ ನನ್ನ ತಾಯಿ, ಮಗು ಅಷ್ಟು ಚೆನ್ನಾಗಿದೆ, ಮಾತು ಯಾಕೆ ಹೀಗೆ ಆಡುತ್ತೆ ಎಂದು ಪ್ರತಿ ವಾರ ಕೇಳುತ್ತಿದ್ದರು.

ಇನ್ನೊಂದು ಸರಪಳಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಕೊನೆಯ ಕೊಂಡಿಯೇ ಗಟ್ಟಿ. 2001ರಲ್ಲಿ ಬಿಬಿಸಿಯಲ್ಲಿ ‘ದಿ ಕುಮಾರ್ಸ್ ಅಟ್ ನಂಬರ್ 42’ ಬಂತು. ಲಂಡನ್ನಿನ ಭಾರತೀಯ ಕುಟುಂಬವೊಂದು ಮನೆಯ ಹಿತ್ತಲಲ್ಲಿ ಮಗನಿಗೆ ಸ್ಟುಡಿಯೋ ಕಟ್ಟಿಸಿಕೊಡುತ್ತದೆ. ನಿಜವಾದ ಗಣ್ಯರು ಅತಿಥಿಗಳಾಗಿ ಬಂದು ಅಜ್ಜಿಯ ಬಾಯಿಗೆ ಸಿಕ್ಕಿಬೀಳುತ್ತಾರೆ. (ಅಜ್ಜಿಯಾಗಿದ್ದ ಮೀರಾ ಸ್ಯಾಲ್ ಆಮೇಲೆ ಮೊಮ್ಮಗನಾಗಿದ್ದ ಸಂಜೀವ್ ಭಾಸ್ಕರ್‌ರನ್ನು ಮದುವೆಯಾದರು.) ಅಮೆರಿಕದವರು ಇದನ್ನು ಲ್ಯಾಟಿನೋ ಕುಟುಂಬಕ್ಕೆ ಹೊಂದಿಸಿ ‘ದಿ ಒರ್ಟೆಗಾಸ್’ ಮಾಡಿದರು, ಪ್ರಸಾರವೇ ಆಗಲಿಲ್ಲ. ಹಿಂದಿಯಲ್ಲಿ 2013ರಲ್ಲಿ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ಬಂದಾಗ ಎರಡನ್ನೂ ನೋಡಿದವರಿಗೆ ಮುಖಚಹರೆ ಗುರುತು ಸಿಕ್ಕಿತು. ಅದನ್ನು ನೋಡಿ 2015ರಲ್ಲಿ ಕನ್ನಡದ ‘ಮಜಾ ಟಾಕೀಸ್’. ನಾನು ಮೂಗು ಮುರಿದುಕೊಂಡೇ ನೋಡಲು ಕೂತೆ. ಆಗ ಅಪರ್ಣಾ ಬಂದರು, ‘ವನ್ ಅಂಡ್ ಓನ್ಲಿ ವರಲಕ್ಷ್ಮಿ’ ಎಂದು ತನ್ನ ಹೆಸರನ್ನು ತಾನೇ ಸಾರಿಕೊಳ್ಳುತ್ತ. ವರ್ಷಗಟ್ಟಲೆ ಸರ್ಕಾರಿ ಸಮಾರಂಭಗಳಲ್ಲಿ ಒಂದು ಅಲ್ಪಪ್ರಾಣವೂ ತಪ್ಪದಂತೆ ನಿರೂಪಣೆ ಮಾಡಿದ ದನಿ, ಬೆಂಗಳೂರಿನ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ, ಆ ವೈಯಾರಕ್ಕೆ ಇಳಿದದ್ದು! ನಾವು ನಕ್ಕದ್ದು ಆ ಅಂತರಕ್ಕೆ. ಆ ಅಂತರ ಲಂಡನ್ನಿನಲ್ಲೂ ಇರಲಿಲ್ಲ, ಮುಂಬೈಯಲ್ಲೂ ಇರಲಿಲ್ಲ. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಮೆಟ್ರೋದಲ್ಲಿ ನನಗೆ ಎರಡೂ ದನಿ ಒಟ್ಟಿಗೆ ಕೇಳಿಸುತ್ತವೆ.

‘ರಾಮ ಶಾಮ ಭಾಮ’ ಮುಗಿಯಿತು. ದಪ್ಪಗಾದ ಹೆಂಡತಿಯನ್ನು (ಶ್ರುತಿ) ಬಿಟ್ಟು ತೆಳ್ಳನೆಯ ಹುಡುಗಿಯ ಹಿಂದೆ ಹೋಗಿದ್ದ ಗಂಡ ಮನೆಗೆ ಮರಳಿದ. ಶುಭಂ. ಬೀಗಿತ್ತಿಯವರು ಎದ್ದು ಸೆರಗು ಸರಿಮಾಡಿಕೊಂಡರು. ‘ಇಷ್ಟ? ಮುಗೀತನ? ಆಕೀ ಸಿಟ್ಟು ಎಲ್ಲಿ ಹೋತ್ರಿ?’

ಆ ಸಿಟ್ಟಿನ ಜಾಡು ಹಿಡಿದು ಹಿಂದಕ್ಕೆ ಹೋಗಿ. ವೆಲ್ಡನ್ ಕಾದಂಬರಿಯ ರೂತ್ ಎತ್ತರದ, ದೊಡ್ಡ ಮೈಯ, ಯಾರೂ ತಿರುಗಿ ನೋಡದ ಹೆಂಗಸು. ಗಂಡ ಲೆಕ್ಕಪರಿಶೋಧಕ, ಪ್ರಣಯ ಕಾದಂಬರಿ ಬರೆಯುವ ಚೆಲುವೆಯ ಪಾಲಾಗಿದ್ದಾನೆ. ರೂತ್ ಮನೆಗೆ ಬೆಂಕಿಯಿಡುತ್ತಾಳೆ, ಮಕ್ಕಳನ್ನು ತಂದು ಆ ಚೆಲುವೆಯ ಮಡಿಲಿಗೆ ಹಾಕುತ್ತಾಳೆ, ಗಂಡನ ಲೆಕ್ಕದ ಪುಸ್ತಕ ತಿದ್ದಿ ಅವನನ್ನು ಜೈಲಿಗೆ ಕಳಿಸುತ್ತಾಳೆ. ಅಷ್ಟಕ್ಕೂ ತಣಿಯದೆ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕಾಲಿನ ಮೂಳೆಯನ್ನೂ ಕತ್ತರಿಸಿ ಗಿಡ್ಡ ಮಾಡಿಸಿಕೊಂಡು, ಸವತಿಯ ರೂಪವನ್ನೇ ತಾಳುತ್ತಾಳೆ. ಕೊನೆಗೆ ಗಂಡ ಅವಳ ಆಳು. ಓದುತ್ತ ನಗು ಬರುತ್ತದೆ, ನಕ್ಕದ್ದಕ್ಕೆ ಮೈ ಜುಮ್ಮೆನ್ನುತ್ತದೆ. ಅಮೆರಿಕದ ಚಿತ್ರದಲ್ಲಿ ರೋಸಾನ್ ಬಾರ್ ಮನೆ ಉಡಾಯಿಸುವುದೂ ಇದೆ, ಜೈಲೂ ಇದೆ, ಕತ್ತರಿ ಇಲ್ಲ. ಜೈಲಿನಲ್ಲಿ ಗಂಡ ಸುಧಾರಿಸುತ್ತಾನೆ. ತಮಿಳಿಗೆ ಬರುವ ಹೊತ್ತಿಗೆ ಬೆಂಕಿಯೂ ಆರಿತು, ಜೈಲೂ ಹೋಯಿತು. ಉಳಿದದ್ದು ಗಂಡನನ್ನು ಮನೆಗೆ ಕರೆತರುವ ಉಪಾಯ. ಸೇಡಿನ ಕಥೆ ಸಂಸಾರ ಉಳಿಸುವ ಕಥೆಯಾಯಿತು. ಕನ್ನಡ ಅದನ್ನು ಹಾಗೆಯೇ ಎತ್ತಿಕೊಂಡಿತು. ಮಾತಿಗೆ ಅಷ್ಟು ಜತನದಿಂದ ಊರು ಹುಡುಕಿದವರು ಆ ಹೆಂಗಸಿನ ಸಿಟ್ಟಿಗೂ ಒಂದು ಊರು ಹುಡುಕಬಹುದಿತ್ತು. ಮೈಕೇಲ್ ಸ್ಕಾಟ್‌ನನ್ನು ಕ್ಷಮಿಸಲು ಆಫೀಸಿಗೆ ವರ್ಷಗಳು ಹಿಡಿದವು. ನಮ್ಮ ಗಂಡನಿಗೆ ಒಂದು ಕ್ಲೈಮ್ಯಾಕ್ಸ್ ಸಾಕಾಯಿತು.

ಇದನ್ನೆಲ್ಲ ನಾನು ಬೀಗಿತ್ತಿಯವರಿಗೆ ಹೇಳತೊಡಗಿದೆ. ಅವರು ಅರ್ಧಕ್ಕೇ ತಡೆದು, ಮಾತು ಬೇಡ, ಆ ಇಂಗ್ಲಿಷಿನದು ಇದ್ದರೆ ತೋರಿಸಿ ಎಂದರು. ಅಮೆರಿಕದ್ದರ ಹಳೆಯ ಡಿವಿಡಿ ಒಂದು ಬೀರುವಿನಲ್ಲಿತ್ತು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ರೋಸಾನ್ ಬಾರ್ ಮನೆಯ ಯಂತ್ರಗಳನ್ನೆಲ್ಲ ಒಂದೇ ಸಲ ಚಾಲೂ ಮಾಡಿ, ಸ್ಪ್ರೇ ಡಬ್ಬಿಗಳನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು, ಹೊರಗೆ ಬಂದು ನಿಂತಳು. ಮನೆ ಢಂ ಎಂದಿತು. ನಮ್ಮ ಮನೆಯಾಕೆ ‘ಅಯ್ಯಯ್ಯೋ’ ಎಂದಳು. ಬೀಗಿತ್ತಿಯವರು ಉಸಿರು ಬಿಗಿಹಿಡಿದು ನೋಡಿ, ನಿಧಾನಕ್ಕೆ ಸೋಫಾಕ್ಕೆ ಒರಗಿ, ಆ ಸಂಜೆ ಮೊದಲ ಬಾರಿಗೆ ಬಾಯ್ತುಂಬ ನಕ್ಕರು.

‘ಬೀಗ್ರ,’ ಎಂದರು, ‘ಇನ್ನೊಮ್ಮೆ ಹಚ್ರಿ.’