ನೂರನೆಯ ಸಲವೂ ಸಿಗದ ಕತ್ತಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಬೇಸಿಗೆಯಲ್ಲಿ ಮನೆಗೆ ಬಂದಿದ್ದ. ಎಂ.ಎಸ್ಸಿ.ಯ ನ್ಯೂಕ್ಲಿಯರ್ ಭೌತವಿಜ್ಞಾನ ಪತ್ರಿಕೆಯಲ್ಲಿ ತರಗತಿಗೇ ಮೊದಲಿಗನಾಗಿದ್ದವನು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಾತಿನ ನಡುವೆ ಜೇಬಿನಿಂದ ಪುಟ್ಟ ಪುಸ್ತಕವೊಂದನ್ನು ತೆಗೆದು ತೋರಿಸಿದ. ಅದರ ತುಂಬ ಐದೈದರ ಗುಂಪುಗಳಲ್ಲಿ ಎಳೆದ ಗೀಟುಗಳು, ಒಟ್ಟು 104. ಒಂದು ಆನ್‌ಲೈನ್ ಆಟದಲ್ಲಿ ಯಾವುದೋ ಕತ್ತಿಗಾಗಿ ವಾರಕ್ಕೊಮ್ಮೆಯಂತೆ ಎರಡು ವರ್ಷ ಆತ ಮಾಡಿದ ಪ್ರಯತ್ನಗಳ ಲೆಕ್ಕ ಅದು. "ನೂರಕ್ಕೆ ಒಂದು ಸಲ ಸಿಗುತ್ತೆ ಅಂತಾರೆ ಸಾರ್. ನೂರಾನಾಲ್ಕು ಆಯ್ತು. ಇನ್ನಾದ್ರೂ ಬರಲೇಬೇಕಲ್ವಾ?" ಎಂದು ಕೇಳಿದ.

ವಿಕಿರಣಶೀಲ ಕ್ಷಯದ ಲೆಕ್ಕಗಳನ್ನು ಒಂದೂ ತಪ್ಪಿಲ್ಲದೆ ಮಾಡುತ್ತಿದ್ದವನ ಬಾಯಲ್ಲಿ ಈ ಮಾತು ಕೇಳಿ ನನಗೆ ಸೋಜಿಗವಾಯಿತು, ಸ್ವಲ್ಪ ಬೇಸರವೂ ಆಯಿತು. ನಾನು ಕಲಿಸಿದ್ದು ಪರೀಕ್ಷೆಯ ಹಾಳೆಯನ್ನು ದಾಟಿ ಹೋಗಿರಲಿಲ್ಲ. ಆದರೆ ಇಂಥ ಆಟಗಳ ಬಹುಮಾನ ವ್ಯವಸ್ಥೆಯನ್ನು ಬಿಚ್ಚಿ ನೋಡಿದ ಮೇಲೆ, ತಪ್ಪೆಲ್ಲ ಅವನದೇ ಅಲ್ಲ ಎಂದೂ ಅನ್ನಿಸಿತು.

ಈ ಬಗೆಯ ಪಾತ್ರಧಾರಿ ಆಟಗಳಲ್ಲಿ ಬಹು ಪ್ರಸಿದ್ಧವಾದದ್ದು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರಿನಲ್ಲಿ ಹೊರತಂದ ಈ ಆಟ ಇಂದಿಗೂ ನಡೆಯುತ್ತಿದೆ. ಆಟಗಾರರೆಲ್ಲ ಅಂತರಜಾಲದ ಮೂಲಕ ಒಂದು ಕಾಲ್ಪನಿಕ ಲೋಕವನ್ನು ಪ್ರವೇಶಿಸುತ್ತಾರೆ. ಒಬ್ಬೊಬ್ಬರಿಗೂ ಒಂದು ಪಾತ್ರ. ರಾಕ್ಷಸರನ್ನು ಕೊಂದರೆ, ಒಪ್ಪಿಸಿದ ಕೆಲಸ ಮಾಡಿದರೆ ಅನುಭವಾಂಕ ದೊರೆಯುತ್ತದೆ. ಅಂಕ ಸಾಕಷ್ಟಾದಾಗ ಪಾತ್ರ ಒಂದು ಮಟ್ಟ ಮೇಲೇರುತ್ತದೆ. ಮೊದಲು ಗರಿಷ್ಠ ಮಟ್ಟ 60 ಇತ್ತು, 2007ರಲ್ಲಿ 70 ಆಯಿತು, 2008ರಲ್ಲಿ 80. ಆಡಲು ತಿಂಗಳ ಚಂದಾ ಕಟ್ಟಬೇಕು. ಆಟಗಾರ ಈ ತಿಂಗಳು ಗೆದ್ದನೋ ಇಲ್ಲವೋ ಎಂಬುದಕ್ಕಿಂತ ಮುಂದಿನ ತಿಂಗಳೂ ಬರುತ್ತಾನೋ ಇಲ್ಲವೋ ಎಂಬುದು ಕಂಪನಿಗೆ ಮುಖ್ಯ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಅನುಭವಾಂಕದ ಲೆಕ್ಕ ಸರಳವಾದದ್ದು. ಅದು ಹುಂಡಿಯಲ್ಲಿ ಹಾಕಿದ ಕಾಸಿನಂತೆ, ಹಾಕಿದಷ್ಟೂ ಉಳಿಯುತ್ತದೆ. ಇದರಲ್ಲೂ ಒಂದು ಸ್ವಾರಸ್ಯದ ಕಥೆಯಿದೆ. ಆಟ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ, ಬಹಳ ಹೊತ್ತು ಆಡಿದವರಿಗೆ ಅಂಕ ಅರ್ಧದಷ್ಟು ಮಾತ್ರ ಸಿಗುವಂತೆ ನಿಯಮ ಮಾಡಿದ್ದರು. ಜನ ಎದ್ದು ನಿಂತು ಆಡದಿರಲಿ ಎಂಬುದು ಅದರ ಉದ್ದೇಶವಂತೆ, ಒಳ್ಳೆಯದೇ. ಆಟಗಾರರು ಮಾತ್ರ ಇದನ್ನು ದಂಡವೆಂದು ತಿಳಿದು ಸಿಟ್ಟಾದರು. ವಿನ್ಯಾಸಕಾರರು ಆಗ ಬದಲಾಯಿಸಿದ್ದು ಹೆಸರನ್ನು. ಹಳೆಯ ಶೇಕಡಾ 100ನ್ನು ಶೇಕಡಾ 200 ಎಂದು ಕರೆದು 'ವಿಶ್ರಾಂತಿಯ ಬೋನಸ್' ಎಂದರು. ಹಳೆಯ ಶೇಕಡಾ 50 ಈಗ ಶೇಕಡಾ 100, ಅಂದರೆ 'ಸಾಮಾನ್ಯ'. ಮಟ್ಟ ಏರಲು ಬೇಕಾದ ಅಂಕಗಳೂ ಅದಕ್ಕೆ ತಕ್ಕಂತೆ ಹೆಚ್ಚಾದವು. ಅನುಪಾತ ಕೂದಲೆಳೆಯಷ್ಟೂ ಬದಲಾಗಲಿಲ್ಲ, ದೂರು ಮಾತ್ರ ನಿಂತುಹೋಯಿತು! ಇದನ್ನು ನಾನು ಮೋಸ ಎನ್ನುವುದಿಲ್ಲ. ನಿಯಮ ಆಟಗಾರನ ಕಣ್ಣ ಮುಂದೆಯೇ ಇದೆ. ಸೊನ್ನೆಯನ್ನು ಎಲ್ಲಿಡಬೇಕು ಎನ್ನುವುದು ನಮ್ಮ ಆಯ್ಕೆ ಎಂದು ಸ್ಥಿತಿಶಕ್ತಿಯ ಪಾಠದಲ್ಲಿ ನಾವೇ ಹೇಳುತ್ತೇವಲ್ಲ.

ಸಂಖ್ಯೆಗಳ ಏರಿಕೆಯದು ಇದಕ್ಕಿಂತ ಗಂಭೀರವಾದ ವಿಷಯ. 2005ರಲ್ಲಿ 60ನೆಯ ಮಟ್ಟದ ಯೋಧನ ಜೀವಬಲ ಕೆಲವು ಸಾವಿರ ಇತ್ತು. 2013ರ ಹೊತ್ತಿಗೆ ಹಲವು ಲಕ್ಷ ಮುಟ್ಟಿತು. ಹಾಗಾದರೆ ಯೋಧ ನೂರು ಪಟ್ಟು ಬಲಶಾಲಿಯಾದನೇ? ಭೌತವಿಜ್ಞಾನದ ವಿದ್ಯಾರ್ಥಿ ಇಲ್ಲಿ ಕೇಳಬೇಕಾದದ್ದು ಆಯಾಮರಹಿತ ಅನುಪಾತ ಯಾವುದು ಎಂದು. ರಾಕ್ಷಸನ ಜೀವಬಲವನ್ನು ಯೋಧನ ಒಂದು ಹೊಡೆತದ ಬಲದಿಂದ ಭಾಗಿಸಿ. ಕೊಲ್ಲಲು ಎಷ್ಟು ಹೊಡೆತ ಬೇಕು ಎಂಬುದು ತಿಳಿಯುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಏರಿದರೆ ಈ ಅನುಪಾತ ಇದ್ದಲ್ಲೇ ಇರುತ್ತದೆ. ಹತ್ತನೆಯ ಮಟ್ಟದಲ್ಲಿ ಹತ್ತು ಹೊಡೆತ, ಎಂಬತ್ತನೆಯ ಮಟ್ಟದಲ್ಲೂ ಸರಿಸುಮಾರು ಹತ್ತೇ. ಗಾಣದ ಎತ್ತು ನಡೆದ ದೂರವನ್ನು ಅಳೆದರೆ ಮೈಲಿಗಟ್ಟಲೆ ಆಗುತ್ತದೆ.

ಸಂಖ್ಯೆಗಳು ಕೊನೆಗೆ ಗಣಕಯಂತ್ರದ ಮಿತಿಯನ್ನೇ ಮುಟ್ಟತೊಡಗಿದವು. ಚಿಹ್ನೆಯೂ ಸೇರಿದಂತೆ 32 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕ 2,14,74,83,647. ಇನ್ನಷ್ಟು ಏರಿಸುವ ಬದಲು 2014ರಲ್ಲಿ ಎಲ್ಲ ಸಂಖ್ಯೆಗಳನ್ನೂ ಒಮ್ಮೆಗೇ ಕುಗ್ಗಿಸಿದರು. 2020ರಲ್ಲಿ ಮಟ್ಟಗಳಿಗೂ ಅದೇ ಗತಿಯಾಗಿ, 120ನೆಯ ಮಟ್ಟದಲ್ಲಿದ್ದವರು 50ಕ್ಕೆ ಇಳಿದರು. ಅನುಪಾತ ಕೆಡದಂತೆ ಇಳಿಸಿದ್ದರಿಂದ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಅಂದಮೇಲೆ ಅಷ್ಟು ವರ್ಷ ಗಳಿಸಿದ್ದಾದರೂ ಏನು ಎಂದು ಆಟಗಾರ ಕೇಳಿದರೆ ಉತ್ತರ ಹೇಳುವುದು ಕಷ್ಟ. 2018ರ ಆವೃತ್ತಿಯಲ್ಲಂತೂ ಮಟ್ಟ ಏರಿದಂತೆಲ್ಲ ತಾವು ದುರ್ಬಲರಾಗುತ್ತಿದ್ದೇವೆ ಎಂದು ಆಟಗಾರರು ದೂರಿದರು. ಆಟಗಾರನ ಮಟ್ಟದ ಜೊತೆಗೇ ರಾಕ್ಷಸರ ಬಲವೂ ಏರುತ್ತಿತ್ತು. ಹಳೆಯ ವಿಶೇಷ ಆಯುಧಗಳ ಗುಣಗಳು 116ನೆಯ ಮಟ್ಟದಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸುತ್ತಿದ್ದವು. ಇದು ಬರಿಯ ಗೊಣಗಾಟವಲ್ಲ. ಅನುಪಾತವೇ ಅವರ ವಿರುದ್ಧ ತಿರುಗಿತ್ತು.

ಇಷ್ಟಾದರೂ ಇದೆಲ್ಲ ಹುಂಡಿಯ ಲೆಕ್ಕ. ಕತ್ತಿಯ ಲೆಕ್ಕ ಬೇರೆ. ರಾಕ್ಷಸನನ್ನು ಕೊಂದಾಗ ಆಟದ ಯಂತ್ರ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಆರಿಸುತ್ತದೆ. ಅದು ಗೊತ್ತುಪಡಿಸಿದ ಮಿತಿಯೊಳಗೆ ಬಂದರೆ ವಸ್ತು ದಕ್ಕುತ್ತದೆ, ಇಲ್ಲದಿದ್ದರೆ ಇಲ್ಲ. ಹಿಂದಿನ ಸೋಲುಗಳ ನೆನಪು ಅದಕ್ಕಿಲ್ಲ. ವಿಕಿರಣಶೀಲ ನ್ಯೂಕ್ಲಿಯಸ್ಸಿನ ಸ್ವಭಾವವೂ ಹೀಗೆಯೇ ಅಲ್ಲವೇ? ಸಾವಿರ ವರ್ಷ ಕ್ಷಯಿಸದೆ ಉಳಿದ ರೇಡಿಯಂ ನ್ಯೂಕ್ಲಿಯಸ್ ಮುಂದಿನ ಸೆಕೆಂಡಿನಲ್ಲಿ ಕ್ಷಯಿಸುವ ಸಂಭಾವ್ಯತೆ, ಈಗತಾನೆ ಹುಟ್ಟಿದ ನ್ಯೂಕ್ಲಿಯಸ್ಸಿನದಕ್ಕಿಂತ ಒಂದಿಷ್ಟೂ ಹೆಚ್ಚಲ್ಲ. ನ್ಯೂಕ್ಲಿಯಸ್ಸಿಗೆ ಮುಪ್ಪಿಲ್ಲ.

ಸಂಭಾವ್ಯತೆ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಒಂದು ಪ್ರಯತ್ನದಲ್ಲಿ ಸಿಗದಿರುವ ಸಂಭಾವ್ಯತೆ 0.99. ಇದನ್ನು ಇದರಿಂದಲೇ ಗುಣಿಸುತ್ತಾ ಹೋದರೆ 69 ಪ್ರಯತ್ನಗಳಿಗೆ 0.50ಕ್ಕೆ ಇಳಿಯುತ್ತದೆ. ಅಂದರೆ ಈ ಕತ್ತಿಯ ಅರ್ಧಾಯು 69 ಪ್ರಯತ್ನಗಳು. ನೂರು ಪ್ರಯತ್ನ ಮುಗಿಸಿದವರಲ್ಲಿ ನೂರಕ್ಕೆ 37 ಮಂದಿ ಬರಿಗೈಯಲ್ಲಿರುತ್ತಾರೆ, ಇನ್ನೂರಕ್ಕೆ 13 ಮಂದಿ, ಮುನ್ನೂರಕ್ಕೆ 5 ಮಂದಿ. ವಾರಕ್ಕೆ ಒಂದೇ ಪ್ರಯತ್ನಕ್ಕೆ ಅವಕಾಶವಿದ್ದರೆ ಮುನ್ನೂರು ಪ್ರಯತ್ನಕ್ಕೆ ಸುಮಾರು ಆರು ವರ್ಷ ಬೇಕು. ನನ್ನ ವಿದ್ಯಾರ್ಥಿ ಆ 37ರಲ್ಲಿ ಒಬ್ಬ; ಅವನ ದುರದೃಷ್ಟದಲ್ಲಿ ವಿಶೇಷವೇನೂ ಇರಲಿಲ್ಲ. ಸರಾಸರಿ 100 ಪ್ರಯತ್ನ ಎಂಬ ಮಾತು ಅವನನ್ನು ದಾರಿತಪ್ಪಿಸಿತ್ತು. ಈ ವಿತರಣೆಯ ಮಾನಕ ವಿಚಲನೆಯೂ ಹೆಚ್ಚುಕಡಿಮೆ 100ರಷ್ಟೇ ಇದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಒಂದೇ ಪರದೆಯ ಮೇಲೆ ಎರಡು ಬೇರೆ ನಿಯಮಗಳು ನಡೆಯುತ್ತಿರುವುದೇ ಇಲ್ಲಿನ ದೋಷ. ಕೆಳಗೆ ಅನುಭವಾಂಕದ ಪಟ್ಟಿ ತುಂಬುತ್ತಾ ಹೋಗುವುದನ್ನು ಆಟಗಾರ ಇಡೀ ದಿನ ನೋಡುತ್ತಾನೆ. ದುಡಿಮೆ ಕೂಡಿಕೊಳ್ಳುತ್ತದೆ ಎಂಬ ಪಾಠವನ್ನು ಆಟವೇ ಅವನಿಗೆ ಕಲಿಸುತ್ತದೆ. ಕತ್ತಿಯ ವಿಷಯಕ್ಕೆ ಬಂದಾಗ ಆ ಪಾಠ ಅನ್ವಯಿಸುವುದಿಲ್ಲ ಎಂದು ಮಾತ್ರ ಅದು ಹೇಳುವುದಿಲ್ಲ.

ಬಿ.ಎಡ್. ಓದಿದವರಿಗೆ ಸ್ಕಿನ್ನರ್ ಹೊಸಬರಲ್ಲ. ಫರ್ಸ್ಟರ್ ಜೊತೆ ಅವರು 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪುನರ್ಬಲನದ ಬಗೆಬಗೆಯ ಅನುಸೂಚಿಗಳ ವಿವರವಿದೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ನಿಶ್ಚಿತವಾಗಿಲ್ಲದಿದ್ದಾಗ ಪಾರಿವಾಳ ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುವುದನ್ನು ಬಿಡುವುದಿಲ್ಲ. 1948ರ ಇನ್ನೊಂದು ಪ್ರಯೋಗದಲ್ಲಿ, ಪಾರಿವಾಳಗಳು ಏನು ಮಾಡಿದರೂ ಮಾಡದಿದ್ದರೂ ಗೊತ್ತಾದ ಅವಧಿಗೊಮ್ಮೆ ಕಾಳು ಬೀಳುತ್ತಿತ್ತು. ಆದರೂ ಒಂದು ಸುತ್ತು ಹಾಕತೊಡಗಿತು, ಇನ್ನೊಂದು ತಲೆ ಅಲ್ಲಾಡಿಸತೊಡಗಿತು. ಸ್ಕಿನ್ನರ್ ಇದನ್ನು ಮೂಢನಂಬಿಕೆ ಎಂದೇ ಕರೆದರು. ನನ್ನ ವಿದ್ಯಾರ್ಥಿಯೂ ರಾಕ್ಷಸನನ್ನು ಕೊಲ್ಲುವ ಮುನ್ನ ತನ್ನ ಪಾತ್ರವನ್ನು ಮೂರು ಸಲ ಕುಪ್ಪಳಿಸುತ್ತಿದ್ದನಂತೆ. ನಾಚಿಕೊಂಡೇ ಹೇಳಿದ.

ಇದಕ್ಕೆ ಪರಿಹಾರವಿಲ್ಲವೇ ಎಂದರೆ ಇದೆ, ಅದೂ ಬಹಳ ಹಿಂದಿನಿಂದ. ಬ್ಲಿಝಾರ್ಡ್‌ನವರದೇ 2002ರ 'ವಾರ್‌ಕ್ರಾಫ್ಟ್ 3' ಆಟದಲ್ಲಿ, ಯುದ್ಧದ ವಿಶೇಷ ಹೊಡೆತಗಳ ಸಂಭಾವ್ಯತೆ ಪ್ರತಿ ವೈಫಲ್ಯದ ನಂತರ ಸ್ವಲ್ಪ ಸ್ವಲ್ಪ ಏರುವಂತೆ ಮಾಡಿದ್ದರು. ಇನ್ನೊಂದು ದಾರಿ ಇನ್ನೂ ಸರಳ. ಇಡೀ ಕತ್ತಿಯನ್ನು ನೂರಕ್ಕೆ ಒಂದರಂತೆ ಕೊಡುವ ಬದಲು, ಅದರ ಹತ್ತು ಚೂರುಗಳನ್ನು ಹತ್ತಕ್ಕೆ ಒಂದರಂತೆ ಕೊಡುವುದು. ಸರಾಸರಿ ಆಗಲೂ 100 ಪ್ರಯತ್ನಗಳೇ. ಮಾನಕ ವಿಚಲನೆ ಮಾತ್ರ 100ರಿಂದ 30ಕ್ಕೆ ಇಳಿಯುತ್ತದೆ. ಇನ್ನೂರು ಪ್ರಯತ್ನಗಳ ನಂತರವೂ ಬರಿಗೈಯಲ್ಲಿರುವವನು ನೂರಕ್ಕೆ ಒಬ್ಬನೂ ಇರಲಾರ. ಕಂಪನಿಗೆ ಬೇಕಾದಷ್ಟು ಕಾಲ ಆಟ ನಡೆಯುತ್ತದೆ, ಆಟಗಾರನಿಗೂ ಕೈಯಲ್ಲಿ ಏನೋ ಉಳಿಯುತ್ತದೆ.

ಇದನ್ನು ಬಲ್ಲವರೇ 2016ರ 'ಲೀಜನ್' ಆವೃತ್ತಿಯಲ್ಲಿ ಅತ್ಯಂತ ಪ್ರಬಲ ವಸ್ತುಗಳನ್ನು ಸಂಪೂರ್ಣವಾಗಿ ಅದೃಷ್ಟದ ಕೈಗೊಪ್ಪಿಸಿದರು. ಸತತ ಸೋತವರಿಗೆ ನೆರವಾಗುವ ಏರ್ಪಾಡು ಒಳಗೆ ಇತ್ತಾದರೂ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆಟಗಾರರಿಗೆ ತೋರಿಸಲಿಲ್ಲ. ಅಸಮಾಧಾನ ಬಹಳವಾಯಿತು. ಅಂಶಗಳನ್ನು ಕೂಡಿಟ್ಟು ಖಚಿತವಾಗಿ ಒಂದು ವಸ್ತುವನ್ನು ಪಡೆಯುವ ದಾರಿ ಬಂದದ್ದು 2018ರಲ್ಲಿ, ಆ ಆವೃತ್ತಿ ಮುಗಿಯುವ ಹೊತ್ತಿಗೆ. ನನ್ನ ಆಕ್ಷೇಪ ಯಾದೃಚ್ಛಿಕತೆಯ ಬಗ್ಗೆ ಅಲ್ಲ, ಅದಿಲ್ಲದೆ ಇಸ್ಪೀಟೂ ಇಲ್ಲ, ಪಗಡೆಯೂ ಇಲ್ಲ. ಪಗಡೆಯಲ್ಲಿ ದಾಳ ಎಲ್ಲರ ಕಣ್ಣೆದುರು ಇರುತ್ತದೆ. ಇಲ್ಲಿ ದಾಳಕ್ಕೆ ಎಷ್ಟು ಮುಖಗಳಿವೆ ಎಂಬುದನ್ನೂ ಆಟಗಾರರೇ ಸಾವಿರಾರು ಪ್ರಯತ್ನಗಳ ಲೆಕ್ಕ ಕೂಡಿಸಿ ಊಹಿಸಬೇಕು.

ಹಣ ಕೊಟ್ಟು ಅದೃಷ್ಟ ಪರೀಕ್ಷಿಸುವ ಆಟಗಳಲ್ಲಿ ಈ ಮರೆಮಾಚುವಿಕೆ ಇನ್ನೂ ಅಪಾಯಕಾರಿ. ಜಪಾನಿನಲ್ಲಿ, ಒಂದು ಗುಂಪಿನ ಎಲ್ಲ ಚಿತ್ರಗಳನ್ನೂ ಕೂಡಿಸಿದವರಿಗೆ ಮಾತ್ರ ದೊಡ್ಡ ಬಹುಮಾನ ಕೊಡುವ ಪದ್ಧತಿಯನ್ನು 2012ರಲ್ಲಿ ಕಾನೂನುಬಾಹಿರವೆಂದು ಸಾರಲಾಯಿತು. ಸಮಾನ ಸಂಭಾವ್ಯತೆಯ ಹತ್ತು ಚಿತ್ರಗಳನ್ನು ಕೂಡಿಸಲು ಸರಾಸರಿ 29 ಸಲ ಕೊಳ್ಳಬೇಕು. ಅದರಲ್ಲಿ ಕೊನೆಯ ಒಂದು ಚಿತ್ರಕ್ಕೇ ಹತ್ತು ಸಲ. ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳನ್ನು ಕೂಡಿಸಿದ ನಮ್ಮ ಪೀಳಿಗೆಯವರಿಗೆ ಆ ಕೊನೆಯ ಚಿತ್ರದ ಸಂಕಟ ಗೊತ್ತು. ಚೀನಾದಲ್ಲಿ ಕಂಪನಿಗಳು ಇಂಥ ಸಂಭಾವ್ಯತೆಗಳನ್ನು ಬಹಿರಂಗಪಡಿಸಲೇಬೇಕು ಎಂಬ ನಿಯಮ 2017ರಲ್ಲಿ ಜಾರಿಗೆ ಬಂತು.

ಅಂದು ಸಂಜೆ ನಾನು ಆ ವಿದ್ಯಾರ್ಥಿಗೆ ಭಾಷಣ ಮಾಡಲಿಲ್ಲ. ಮೊಮ್ಮಗಳ ಹಾವು-ಏಣಿ ಆಟದ ದಾಳವನ್ನು ಕೈಗೆ ಕೊಟ್ಟೆ. ಅಧ್ಯಾಪಕರು ಇದನ್ನೇ ತರಗತಿಯಲ್ಲಿ ಮಾಡಿಸಬಹುದು. 60 ವಿದ್ಯಾರ್ಥಿಗಳಿಗೆ ಒಂದೊಂದು ದಾಳ ಕೊಟ್ಟು ನಿಲ್ಲಿಸಿ. ಆರು ಬಿದ್ದವರು ಕುಳಿತುಕೊಳ್ಳಲಿ. ನಾಲ್ಕು ಸುತ್ತಿನ ಬಳಿಕ ಸುಮಾರು 29 ಮಂದಿ ನಿಂತಿರುತ್ತಾರೆ, ಹನ್ನೆರಡು ಸುತ್ತಿನ ಬಳಿಕ ಸುಮಾರು 7 ಮಂದಿ. ಪ್ರತಿ ಸುತ್ತಿನ ಸಂಖ್ಯೆಯನ್ನು ನಕ್ಷೆಯಲ್ಲಿ ಗುರುತಿಸಿದರೆ ಕ್ಷಯದ ವಕ್ರರೇಖೆ ತಾನಾಗಿ ಮೂಡುತ್ತದೆ. ಆಮೇಲೆ ದಾಳದ ಬದಲು ನಾಣ್ಯ ಕೊಡಿ. ಮೂರು ಸಲ ತಲೆ ಬಿದ್ದವರು ಕುಳಿತುಕೊಳ್ಳಲಿ. ಸರಾಸರಿ ಎರಡರಲ್ಲೂ ಆರು ಸುತ್ತುಗಳೇ, ಆದರೆ ಈ ಸಲ ಹನ್ನೆರಡು ಸುತ್ತಿನ ಬಳಿಕ ನಿಂತಿರುವವರು ಒಬ್ಬರೋ ಇಬ್ಬರೋ. ನಾಣ್ಯ ಹಂಚುವ ಮುನ್ನ, ದಾಳ ಹಿಡಿದು ಇನ್ನೂ ನಿಂತಿರುವ ಆ ಏಳು ಮಂದಿಯನ್ನು ಮುಂದಿನ ಸುತ್ತಿನಲ್ಲಿ ಆರು ಬೀಳುವ ಸಂಭಾವ್ಯತೆ ಎಷ್ಟು ಎಂದು ಕೇಳಿ. ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದಿಡಿ.